ಬ್ಯಾರನ್ ಬಾಗಿಲಿನ ಕೋಳಿಗೂಡು

ನಮ್ಮದು ಲಿಂಗ ಕಟ್ಟಿದ ಮನೆ. ಮಾಂಸ ಹಾಗಿರಲಿ, ಮೊಟ್ಟೆ ಹಾಕಿದ ಕೇಕು ಕೂಡ ನಮ್ಮ ಹೊಸಿಲು ದಾಟುವುದಿಲ್ಲ. ಅಂಥ ಮನೆಯ ಹಿತ್ತಲಲ್ಲಿ ಕೋಳಿಗೂಡು ಇದೆ ಎಂದರೆ ನಮ್ಮ ಬಳಗದಲ್ಲಿ ಇವತ್ತಿಗೂ ನಂಬದವರಿದ್ದಾರೆ. ನಂಬದವರು ಬಂದು ನೋಡಿಕೊಂಡು ಹೋಗಲಿ, ಕಾಫಿ ಕೊಡುತ್ತೇನೆ. ನಾನೇನು ಕದ್ದುಮುಚ್ಚಿ ಕಟ್ಟಿಸಿದವಳಲ್ಲ.

ಹುಣಸೂರಿನ ಅಂಚಿನಲ್ಲಿ, ಮನೆಗಳು ಮುಗಿದು ಹೊಲ ಶುರುವಾಗುವ ಕಡೆ ನಾವಿದ್ದೇವೆ. ಪಕ್ಕದ್ದು ಮರಗೆಲಸದ ಸಾಹೇಬರ ಮನೆ. ಎರಡು ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆ. ಸಾಹೇಬರ ಹೆಂಡತಿಯನ್ನು ಬೀದಿಯವರೆಲ್ಲ ಬೂಬಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಅನ್ನುತ್ತಾರೆ. ಕರಿಬೇವು, ನಿಂಬೆಹಣ್ಣು, ಬೀದಿಯ ಸುದ್ದಿ, ಎಲ್ಲವೂ ಆ ಗೋಡೆಯ ಮೇಲೆಯೇ ಕೈ ಬದಲಾಗುವುದು.

ಎರಡು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಒಂದು ಬೆಳಿಗ್ಗೆ ಬೂಬಮ್ಮ ಗೋಡೆಯಾಚೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಸಾಹೇಬರು ಮರ ಸೀಳುವ ಹೊಸ ಮೆಷಿನ್ ತರುತ್ತಾರಂತೆ. ಅದಕ್ಕೆ ಜಾಗ ಬೇಕೆಂದು ಹಿತ್ತಲನ್ನೆಲ್ಲ ಶೆಡ್ಡಿಗೆ ಸೇರಿಸಿಕೊಳ್ಳುತ್ತಾರಂತೆ. ಅವರ ಕೋಳಿಗಳಿಗೆ ನಿಲ್ಲಲು ನೆಲವಿಲ್ಲ.

"ಮಾರ್ಬುಡಿ, ಬೇಕಾದಾಗ ತಗೊಂಡ್ರಾಯ್ತು" ಎಂದೆ, ಕೋಳಿಯ ಗಂಧಗಾಳಿ ಗೊತ್ತಿಲ್ಲದವಳ ಧೈರ್ಯದಲ್ಲಿ.

"ಅಂಗಲ್ಲ ಅಕ್ಕ. ಮಗಳು ಬಸ್ರಿ. ಗೌರಿ ಹಬ್ಬದ ಹೊತ್ಗೆ ಬಾಣಂತನಕ್ಕೆ ಬತ್ತಾಳೆ. ಮೊದಲ್ನೇ ಹೆರಿಗೇಲಿ ಅವ್ಳಿಗೆ ಹಾಲೇ ಇಳೀಲಿಲ್ಲ. ಮಗ ಡಬ್ಬಿ ಪುಡೀಲಿ ಬೆಳೀತು, ಇವ್ಳು ಮೂಲೇಲಿ ಕೂತು ಅಳೋಳು. ಈ ಸಲ ಈಗ್ಲೇ ಕೋಳಿ ಕಾವಿಗೆ ಕೂರ್ಸಿ, ಮರಿ ಮಾಡ್ಸಿ, ನಾನೇ ಸಾಕಿ ಯಾಟೆ ಕೊಯ್ದು ಸಾರು ಕುಡುಸ್ಬೇಕು ಅಂತ ಇದ್ದೆ. ಅಂಗ್ಡೀಲಿ ನಾಟಿ ಅಂತ ಕೊಡೋದೆಲ್ಲ ನಾಟಿನಾ?"

ಯಾಟೆ ಎಂದರೆ ಎಳೆ ಹೆಣ್ಣು ಕೋಳಿ ಎಂದು ನನಗೆ ತಿಳಿದದ್ದೇ ಆವತ್ತು. ಆ ಹುಡುಗಿ ಮೂಲೆಯಲ್ಲಿ ಕೂತು ಅತ್ತದ್ದನ್ನು ಮಾತ್ರ ನಾನೂ ಕಂಡಿದ್ದೆ. ಮದುವೆಗೆ ಮುಂಚೆ ನಮ್ಮ ಮನೆಯ ಜಗಲಿಯ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದವಳು. ನನ್ನ ನಾಲಿಗೆ ಯಾವಾಗಲೂ ನನ್ನ ಬುದ್ಧಿಗಿಂತ ಮುಂದೆ ಓಡುತ್ತದೆ.

"ನಮ್ಮ ಹಿತ್ಲಲ್ಲಿ ಇಟ್ಕೊಳಿ" ಎಂದುಬಿಟ್ಟೆ.

ಬೂಬಮ್ಮ ಕಣ್ಣರಳಿಸಿದರು. "ಅಮ್ಮಾರು?"

"ಅಮ್ಮಾರನ್ನ ನಾನ್ ನೋಡ್ಕತೀನಿ."

ಅಮ್ಮಾರು ಎಂದರೆ ನನ್ನ ಅತ್ತೆ. ಎಂಭತ್ತು ದಾಟಿದೆ, ಹಲ್ಲು ಎಲ್ಲ ಇದೆ, ಕಿವಿ ನನಗಿಂತ ಚುರುಕು. ದಿನಾ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ತೊಟ್ಟು ನೀರು ಕುಡಿಯುವವರಲ್ಲ. ಅವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿಬಂದವಳು ಒಳಗೆ ಬಂದು ಮೊದಲು ಗಂಡನ ಹತ್ತಿರ ಉಸುರಿದೆ.

"ಕೋಳಿ ಕೇಳಿ ಕಾರ ಅರೀತಾರಾ ಅಂತ ಗಾದೆ. ನೀನು ಅವ್ವನ್ನೂ ಕೇಳ್ನಿಲ್ಲ, ನನ್ನೂ ಕೇಳ್ನಿಲ್ಲ" ಎಂದರು.

"ಬಾಯಲ್ಲಿ ಬರಕ್ಕೆ ಬೇರೆ ಗಾದೆ ಸಿಗ್ನಿಲ್ವಾ ನಿಮ್ಗೆ?" ಎಂದೆ.

ಅತ್ತೆ ಹೂ ಕಟ್ಟುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಬೈಗುಳಕ್ಕೆ ತಯಾರಾಗಿ, ಉತ್ತರಗಳನ್ನೂ ಜೋಡಿಸಿಟ್ಟುಕೊಂಡು ನಿಂತಿದ್ದೆ. ಅವರು ಬೈಯಲಿಲ್ಲ. ದಾರ ಎಳೆದು ಗಂಟು ಹಾಕಿ, "ಬಸ್ರಿ ಹೆಂಗ್ಸಿನ ವಿಸ್ಯ. ಇಲ್ಲ ಅನ್ನಕ್ಕಾಗಲ್ಲ" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಕರಾರುಗಳು ಶುರುವಾದವು.

"ಮೊಟ್ಟೆ ಹೊಸ್ಲು ದಾಟ್ಕೂಡ್ದು, ಅವು ಆ ಕಡೆಗೇ ಹೋಗ್ಬೇಕು. ನನ್ ಪೂಜೆ ಮುಗಿಯಗಂಟ ಅದ್ರ ಹೆಸ್ರು ಯಾರೂ ಬಾಯಲ್ಲಿ ಆಡ್ಕೂಡ್ದು. ಆಮೇಲೆ, ಈ ಮನೆ ಕಾಸು ಒಂದೂ ಅದಕ್ಕೆ ಅಂತ ಬಿಚ್ಕೂಡ್ದು. ಮೊಳೆ ಸೈತ ಕೊಂಡ್ಕೂಡ್ದು. ನಿಮ್ಮ ಮಾವ ಏನನ್ನೋರು? ಲಿಂಗದ ಮುಂದೆ ನಿಂತು ಇದಕ್ಕೆ ಖರ್ಚು ಮಾಡ್ದೆ ಅಂತ ಹೇಳಕ್ಕಾಗದ್ದಕ್ಕೆ ಖರ್ಚು ಮಾಡ್ಬಾರ್ದು ಅನ್ನೋರು."

"ಹೆಸ್ರು ಆಡ್ಬಾರ್ದು ಅಂದ್ರೆ ಏನಂತ ಕರೆಯಾದವ್ವ?" ಎಂದು ನಮ್ಮವರು ಕೇಳಿದರು.

"ನೆಂಟ್ರು ಅನ್ನಿ. ಬಂದು ಇದ್ದು ಹೋಗೋವು ತಾನೆ."

ಹೀಗೆ ನಮ್ಮ ಹಿತ್ತಲಿಗೆ ನೆಂಟರು ಬರುವುದು ಗಟ್ಟಿಯಾಯಿತು. ಖರ್ಚು ತಾವೇ ಕೊಡುತ್ತೇವೆ ಎಂದು ಬೂಬಮ್ಮ ಹೇಳಿದ್ದರು. ನಾನು ಬೇಡ ಎಂದೆ. ಬನ್ನಿ ಅಂತ ಕರೆದವಳು ನಾನು, ಅವರ ಹತ್ತಿರ ಕೈ ಚಾಚಿದರೆ ಮರ್ಯಾದೆ ಏನುಳಿಯಿತು? ಅರ್ಧ ದಿನದ ಕೆಲಸ, ನಾನೇ ಕಟ್ಟಿಕೊಡುತ್ತೇನೆ ಎಂದು ಸಾಹೇಬರೂ ಮುಂದೆ ಬಂದರು. ಅದಕ್ಕೆ ನಮ್ಮವರ ಮೀಸೆ ಅಡ್ಡ ಬಂತು. "ಬ್ಯಾರನ್ ಕಟ್ದೋನು ಸಾಹೇಬ್ರೆ ನಾನು. ನಾಕು ಕೋಳಿಗೆ ಗೂಡು ಕಟ್ಟಕ್ಕಾಗಲ್ವಾ?"

ಬ್ಯಾರನ್ ಎಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕಿ, ಹೊರಗಿನಿಂದ ಸೌದೆ ಉರಿ ಕೊಟ್ಟು ಹದ ಮಾಡುತ್ತಾರೆ. ನಮ್ಮವರು ಮೀಸೆ ಚಿಗುರಿದಾಗಿನಿಂದ ಆ ಕೆಲಸದಲ್ಲೇ ಬೆಂದವರು. ಸೌದೆ ಹೊಂದಿಸುವುದು ಸಾಕಾಗಿ, ಈಗ ಕೆಲವು ವರ್ಷದಿಂದ ಹೊಗೆಸೊಪ್ಪು ಬಿಟ್ಟು ಜೋಳ, ಶುಂಠಿ ಅಂತ ಹಾಕಿಕೊಂಡಿದ್ದಾರೆ. ಹೊಲದಲ್ಲಿದ್ದ ಬ್ಯಾರನ್ ಕೆಡವಿದಾಗ ಅದರ ಒಂದು ಸಾಮಾನನ್ನೂ ಗುಜರಿಗೆ ಹಾಕಲು ಬಿಡಲಿಲ್ಲ. ಜಿಂಕ್ ಶೀಟು, ಗಳ, ಕಡ್ಡಿಯ ಕಂತೆಗಳು, ಬಾಗಿಲು, ಎಲ್ಲವನ್ನೂ ಟ್ರಾಕ್ಟರಿನಲ್ಲಿ ತಂದು ಹಿತ್ತಲಿಗೆ ಸುರಿದಿದ್ದರು. ಹಾವು ಸೇರುತ್ತವೆ ಅಂತ ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಅವರ ಕಾಲ ಬಂತು. ಆ ರಾಶಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು ನನ್ನ ಕಡೆ ಒಂದು ನೋಟ ಬಿಟ್ಟರಲ್ಲ, ಅದನ್ನು ನಾನು ಇನ್ನೂ ಮರೆತಿಲ್ಲ.

ಕೆಲಸ ಶುರುವಾಯಿತು. ಮೊಳೆ ಕೊಳ್ಳುವ ಹಾಗಿಲ್ಲವಲ್ಲ, ಬ್ಯಾರನ್ನಿನ ಮರಕ್ಕೆ ಅಂಟಿಕೊಂಡಿದ್ದ ತುಕ್ಕು ಮೊಳೆಗಳನ್ನು ಅವರು ಕೀಳುವುದು, ನಾನು ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ನೆಟ್ಟಗೆ ಮಾಡುವುದು. ಸೊಟ್ಟ ಮೊಳೆ ನೆಟ್ಟಗೆ ಮಾಡುವುದು ಸೊಟ್ಟ ಗಂಡನನ್ನು ನೆಟ್ಟಗೆ ಮಾಡಿದಷ್ಟೇ ಕಷ್ಟ. ಮೊದಲ ದಿನವೇ ಹೆಬ್ಬೆರಳು ಜಜ್ಜಿಕೊಂಡು ಉಗುರು ಕಪ್ಪಾಯಿತು. ಅತ್ತೆ ಅರಿಶಿನ ಕಟ್ಟಿದರು, ಆದರೆ ಹೊಸ ಮೊಳೆಗೆ ಮಾತ್ರ ಒಪ್ಪಲಿಲ್ಲ.

ನಾಲ್ಕು ಮೂಲೆಗೆ ಇಟ್ಟಿಗೆಯ ಕಾಲು ಎಬ್ಬಿಸಿ ಮೇಲೆ ಗಳ ಜೋಡಿಸಿದರು. ನೆಲಕ್ಕೆ ಮಣ್ಣು ಬೇಡ, ಸೊಪ್ಪು ಕಟ್ಟುವ ಕಡ್ಡಿಗಳನ್ನೇ ಒತ್ತೊತ್ತಾಗಿ ಕಟ್ಟಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗುಡಿಸಿ ಗಿಡಕ್ಕೆ ಹಾಕಬಹುದು ಅಂತ ಅವರದೇ ಉಪಾಯ. ಚೆನ್ನಾಗಿಯೇ ಇತ್ತು, ಒಪ್ಪಿಕೊಳ್ಳಬೇಕು. ಗೋಡೆಗೆ ಜಿಂಕ್ ಶೀಟು. ಬಾಗಿಲಿಗೆ ಬ್ಯಾರನ್ನಿನ ಬಾಗಿಲನ್ನೇ ಅರ್ಧಕ್ಕೆ ಕೊಯ್ದು ನಿಲ್ಲಿಸಿದರು. ಅದರಲ್ಲಿ ಅಂಗೈ ಅಗಲದ ಒಂದು ಗಾಜು ಇತ್ತು. ಬೇಯುವ ಸೊಪ್ಪಿನ ಮಧ್ಯೆ ತೂಗುಹಾಕಿದ ಉಷ್ಣಮಾಪಕವನ್ನು ಬಾಗಿಲು ತೆಗೆಯದೆ ನೋಡಲು ಇಟ್ಟ ಗಾಜು. ಕೀಲು ಕೊಳ್ಳುವ ಹಾಗಿಲ್ಲ. ಒಂದು ದಿನ ಪಕ್ಕದ ಕೋಟೆ ತಾಲ್ಲೂಕಿನ ಕಡೆ ಹೋಗಿದ್ದವರು ಅಲ್ಲಿನ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಪಂಚರ್ ಅಂಗಡಿಯಿಂದ ಲಾರಿ ಟ್ಯೂಬಿನ ಪಟ್ಟಿಗಳನ್ನು ಜೇಬಿನಲ್ಲಿ ತುಂಬಿಕೊಂಡು ಬಂದು, ಅದನ್ನೇ ಕೀಲು ಮಾಡಿದರು. ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತಿತ್ತು.

ಮಾಡಿಗೆ ಶೀಟಿನ ಕೆಳಗೆ ಒಂದು ಹಳೆಯ ಫ್ಲೆಕ್ಸು. ನಮ್ಮ ವಾರ್ಡಿನ ಯಾರೋ ಯುವ ಮುಖಂಡನ ಹುಟ್ಟುಹಬ್ಬದ್ದು, ಗಾಳಿಗೆ ಹರಿದು ನಮ್ಮ ಕಾಂಪೌಂಡಿನಲ್ಲೇ ಬಂದು ಬಿದ್ದಿತ್ತು. ಮುಖ ಮೇಲಕ್ಕಿರಬೇಕೋ ಕೆಳಕ್ಕಿರಬೇಕೋ ಎಂದು ನಮ್ಮಿಬ್ಬರಿಗೆ ಜಗಳವೂ ಆಯಿತು. ಕಡೆಗೆ ಮುಖ ಕೆಳಕ್ಕೇ ಹಾಕಿದೆವು. ಮುಖಂಡ ಕೈ ಮುಗಿದುಕೊಂಡು ಕೋಳಿಗಳ ಕಡೆ ನಗುತ್ತಿರಲಿ, ಯಾರಿಗೇನು ನಷ್ಟ?

ಇಷ್ಟಾದ ಮೇಲೆ ನಮ್ಮವರು ಮಾಡಿದ ಕೆಲಸ ಕೇಳಿ. ಶೀಟು ಶೀಟು ಸೇರುವ ಸಂದಿಗೆಲ್ಲ ಸಗಣಿ ಮಣ್ಣು ಕಲಸಿ ಮೆತ್ತಿದರು. ಬಾಗಿಲಿನ ಅಂಚಿಗೆ ಗೋಣಿಪಟ್ಟೆ ಹೊಡೆದರು. ಹಳೆಯ ಮೊಳೆಯ ತೂತುಗಳಿಗೆ ಬಟ್ಟೆ ತುರುಕಿದರು. ಸಂಜೆ ಬಿಸಿಲಿಗೆ ಎದುರಾಗಿ ಒಳಗೆ ತಲೆ ಹಾಕಿ, ಎಲ್ಲಿಂದಾದರೂ ಬೆಳಕಿನ ಎಳೆ ಕಾಣುತ್ತದೋ ಎಂದು ಹುಡುಕಿ ಹುಡುಕಿ ಮುಚ್ಚಿದರು. ಆಮೇಲೆ ಕೈ ತೊಳೆದುಕೊಂಡು, "ಈಗ ನೋಡು, ಒಂದು ಚೂರು ಗಾಳಿ ಹೋಗಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಬ್ಯಾರನ್ನಿನಲ್ಲಿ ಬೆರಳು ತೂರುವ ಸಂದಿಯಿದ್ದರೂ ಕಾವು ಸೋರಿ ಸೊಪ್ಪು ಹಸಿರಾಗಿಯೇ ಉಳಿದು ದರ್ಜೆ ಕೆಡುತ್ತದೆ. ತೂತು ಕಂಡರೆ ಮುಚ್ಚಬೇಕು ಎನ್ನುವುದು ಅವರ ರಕ್ತದಲ್ಲೇ ಇತ್ತು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನೂ ಹೊಗೆಸೊಪ್ಪಿನ ಮನೆಯ ಸೊಸೆಯೇ ತಾನೆ.

ಬೂಬಮ್ಮ ಆವತ್ತು ಸಂಜೆ ಕೋಳಿಗಳನ್ನು ಗೋಡೆಯ ಮೇಲಿಂದ ಒಂದೊಂದಾಗಿ ದಾಟಿಸಿದರು. ಅವು ಗೂಡಿನ ಬಾಗಿಲಿಗೆ ಬಂದು, ಒಳಗೆ ಕತ್ತು ಚಾಚಿ, ತಲೆ ಓರೆ ಮಾಡಿ ನೋಡಿ, ಹಿಂದಕ್ಕೆ ತಿರುಗಿ ಹೋಗಿ ನುಗ್ಗೆಮರ ಹತ್ತಿ ಕೂತವು. ಓಡಿಸಿದರೂ ಬರಲಿಲ್ಲ, ಜೋಳ ಎರಚಿದರೂ ಬರಲಿಲ್ಲ. ಹುಂಜವಂತೂ ಕೊಂಬೆಯ ತುದಿಯಿಂದ ನಮ್ಮವರನ್ನು ಬೈಯುತ್ತಿರುವ ಹಾಗೇ ಕೇಳಿಸುತ್ತಿತ್ತು. ಸಾಹೇಬರು ಗೋಡೆಯ ಮೇಲೆ ಮೊಣಕೈ ಊರಿ ಎಲ್ಲ ನೋಡಿದರು.

"ಅಣ್ಣಾ, ಬೇಜಾರು ಮಾಡ್ಕೋಬ್ಯಾಡಿ. ಇದ್ರಲ್ಲಿ ಕೋಳಿ ಸಾಕ್ತೀರೋ, ಬೇಯಿಸ್ತೀರೋ?"

ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ. ಮಾರನೆಯ ದಿನ ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ನಮ್ಮವರು ಗೂಡಿನ ಬಾಗಿಲು ತೆಗೆದು ಒಳಗೆ ಕೈ ಇಟ್ಟು, ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡರು. ಊಟ ಮಾಡಿ ಎದ್ದವರೇ ತಗಡು ಕತ್ತರಿಸುವ ಕತ್ತರಿ ಹುಡುಕಿದರು. ಜೀವಮಾನವೆಲ್ಲ ತೂತು ಮುಚ್ಚಿದ ಮನುಷ್ಯ ತನ್ನ ಕೈಯಾರೆ ತೂತು ಕೊರೆಯುವುದನ್ನು ನೋಡಿ ನನಗೆ ನಗು ಹೋಗಿ ಪಾಪ ಅನ್ನಿಸಿತು. ಹೋಗಿ ಶೀಟಿನ ಆ ತುದಿ ಹಿಡಿದುಕೊಂಡೆ.

ತೂತು ಕೊರೆದರೆ ಮುಂಗುಸಿ ನುಗ್ಗುತ್ತದೆ, ಜಾಲರಿ ಬೇಕು, ಜಾಲರಿ ಕೊಳ್ಳುವ ಹಾಗಿಲ್ಲ. ನನಗೆ ಹೊಳೆದದ್ದು ಟೇಬಲ್ ಫ್ಯಾನಿನ ಜಾಲರಿ. ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವರ ಅಂಗಡಿ ಹಿಂದೆ ಕೆಟ್ಟ ಫ್ಯಾನುಗಳ ಗುಡ್ಡೆಯೇ ಇದೆ. ಕೇಳಿದ್ದಕ್ಕೆ, "ತಗೊಂಡೋಗಿ ತಾಯಿ, ಜಾಗ ಖಾಲಿ ಆಗ್ಲಿ" ಎಂದರು. ದುಂಡನೆಯ ಜಾಲರಿಗೆ ಅಳತೆಯಾಗಿ ದುಂಡನೆಯ ತೂತು. ಮುಂದಕ್ಕೆರಡು, ಹಿಂದಕ್ಕೆರಡು. ಮುಗಿದಾಗ ಗೂಡು ದಪ್ಪ ಕನ್ನಡಕ ಹಾಕಿಕೊಂಡು ಕೂತ ಹಾಗೆ ಕಾಣುತ್ತಿತ್ತು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದ ಮೇಲೆ ಒಳಗೆ ತಂಪೂ ಆಯಿತು. ಆವತ್ತು ಸಂಜೆ ಯಾರೂ ಕರೆಯದೆ ಹುಂಜ ಮೊದಲು ಒಳಗೆ ಹೋಯಿತು, ಮಿಕ್ಕವು ಅದರ ಹಿಂದೆ ಹೋದವು.

ಆದರೂ ಗೂಡಿನ ಒಂದು ಮೂಲೆಯನ್ನು ನಮ್ಮವರು ಹಲಗೆ ಅಡ್ಡ ಕೊಟ್ಟು ಹಾಗೇ ಮುಚ್ಚಿಟ್ಟಿದ್ದರು. ಕಾವಿಗೆ ಕೂರುವ ಕೋಳಿಗೆ ಕತ್ತಲೆ ಬೇಕು, ಗದ್ದಲ ಇರಬಾರದು ಎಂದು ಬೂಬಮ್ಮ ಹೇಳಿದಾಗ, "ಅದಕ್ಕೇ ಕಣ್ರೀ ನಾನು ಆ ಮೂಲೆ ಬುಟ್ಟಿದ್ದು" ಎಂದುಬಿಟ್ಟರು. ಸುಳ್ಳು. ನಾನು ತಂದಿದ್ದ ಫ್ಯಾನ್ ಜಾಲರಿ ಅಲ್ಲಿಗೆ ಸಾಲದೆ ಹೋಗಿತ್ತು. ಇರಲಿ ಅಂತ ನಾನು ಬಾಯಿ ಬಿಡಲಿಲ್ಲ. ಬೂಬಮ್ಮ ಮಂಕರಿಯಲ್ಲಿ ಹುಲ್ಲು ಹಾಸಿ ಮೊಟ್ಟೆ ಜೋಡಿಸಿದರು. ನಮ್ಮವರು ಹುಲ್ಲಿನ ಅಡಿಗೆ ಹೊಗೆಸೊಪ್ಪಿನ ಕಾಂಡ ಪುಡಿ ಮಾಡಿ ಉದುರಿಸಿದರು, ಹೇನು ಬೀಳದಿರಲಿ ಅಂತ. ಹೇನು ಬೀಳಲೂ ಇಲ್ಲ.

ಅಲ್ಲಿಂದ ನಮ್ಮವರಿಗೆ ಹಳೆಯ ಚಾಳಿ ಹಿಡಿಯಿತು. ಹೋಗುತ್ತಾ ಬರುತ್ತಾ ಬಾಗಿಲಿನ ಗಾಜಿಗೆ ಕಣ್ಣಿಟ್ಟು ಕಾವಿನ ಕೋಳಿ ನೋಡುವುದು. "ಏನ್ರೀ, ಸೊಪ್ಪು ಹಳದಿಗೆ ತಿರುಗ್ತಾ?" ಎಂದು ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ. ಒಂದು ಬೆಳಿಗ್ಗೆ ಉತ್ತರ ಬರಲಿಲ್ಲ. ಹೊರಗೆ ಬಂದು ನೋಡಿದರೆ ಮೂತಿ ಗಾಜಿಗೆ ಒತ್ತಿಕೊಂಡು ನಿಂತಿದ್ದರು. ನನ್ನನ್ನು ಕೈ ಸನ್ನೆಯಲ್ಲಿ ಕರೆದು ಜಾಗ ಬಿಟ್ಟರು. ಕೋಳಿಯ ರೆಕ್ಕೆಯ ಸಂದಿಯಿಂದ ಒದ್ದೆ ತಲೆಯೊಂದು ಹೊರಗೆ ಬಂದು ಮತ್ತೆ ಒಳಗೆ ಹೋಯಿತು. ಇಷ್ಟು ವಯಸ್ಸಾದರೂ ನಾನು ಮರಿ ಒಡೆಯುವುದನ್ನು ಕಂಡವಳಲ್ಲ. ಗೋಡೆಯ ಹತ್ತಿರ ಓಡಿ ಬೂಬಮ್ಮನನ್ನು ಕೂಗಿದೆ, ಅವರು ಎರಡೂ ಕೈ ಮೇಲಕ್ಕೆತ್ತಿ ದೇವರಿಗೆ ಶುಕ್ರ್ ಹೇಳಿದರು.

ಒಳಗಿನಿಂದ ಅತ್ತೆಯ ದನಿ ಬಂತು. "ಏನದು ನೆಂಟ್ರ ಮನೆ ಹತ್ರ ಗಲಾಟೆ?"

"ಹೆರಿಗೆ ಆಯ್ತು ಅತ್ತೆ!"

"ಸುಸೂತ್ರ ಆಯ್ತಾ?"

"ಆಯ್ತು."

"ಸಿವಾ" ಎಂದು ಅವರು ಗಂಟೆ ಬಾರಿಸತೊಡಗಿದರು.

ಮರಿಗಳು ಬೆಳೆದವು. ನೆಂಟರು ಎನ್ನುವ ಮಾತು ಪೂಜೆಯ ಹೊತ್ತು ದಾಟಿ ದಿನವೆಲ್ಲ ಹಬ್ಬಿಕೊಂಡಿತು. ನೆಂಟರಿಗೆ ನೀರಿಟ್ಟೆಯಾ, ನೆಂಟರು ಸೊಪ್ಪಿನ ಮಡಿ ಕೆದರಿದರು, ಹೀಗೆ. ಇದರಿಂದ ಒಂದು ಫಜೀತಿಯೂ ಆಯಿತು. ಪಿರಿಯಾಪಟ್ಟಣದಲ್ಲಿರುವ ಅತ್ತೆಯ ತಮ್ಮ, ಬಲು ಮಡಿವಂತರು, ನಾಲ್ಕು ದಿನ ಇದ್ದು ಹೋಗುತ್ತೇನೆ ಅಂತ ಒಂದು ಬೆಳಿಗ್ಗೆ ಫೋನ್ ಮಾಡಿದ್ದರು. ಅತ್ತೆ ಫೋನು ಕಿವಿಗಿಟ್ಟುಕೊಂಡೇ ನನ್ನ ಕಡೆ ತಿರುಗಿ ಗದರಿದರು. "ನೆಂಟ್ರು ಜಗಲೀಗೇ ಬಂದು ಗಲೀಜು ಮಾಡವ್ರಲ್ಲೇ! ತಿನ್ನಕ್ಕೆ ಹಾಕಿ ಹಾಕಿ ಕೊಬ್ಬು ಜಾಸ್ತಿ ಆಗದೆ. ಕೋಲು ತಗೊಂಡು ಅಟ್ಟು ಅತ್ಲಾಗೆ!" ಆ ಕಡೆ ಫೋನು ಕಟ್ಟಾಯಿತು. ತಮ್ಮ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಮ್ಮವರು ಹೋಗಿ ವಿಚಾರಿಸಿ, ವಿಷಯ ತಿಳಿದು, ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಕೋಳಿಯ ಸುದ್ದಿ ಬಳಗಕ್ಕೆಲ್ಲ ಹರಡಿದ್ದು ಹಾಗೆ. ತಮ್ಮ ಬಂದು, ಗೂಡು ನೋಡಿ, ತಲೆ ಅಲ್ಲಾಡಿಸಿ, ಕಡೆಗೆ ಕಾಫಿ ಕುಡಿದೇ ಹೋದರು.

ಮರಿಗಳಲ್ಲಿ ಯಾಟೆಗಳು ನಾಲ್ಕು. ಅದರಲ್ಲಿ ಬೂದಿ ಬಣ್ಣದ್ದು, ಕತ್ತಿನ ಮೇಲೆ ಬಿಳಿ ಚುಕ್ಕೆಯದು, ನನ್ನ ಹಿಂದೆಯೇ ಸುತ್ತುತ್ತಿತ್ತು. ಪಾತ್ರೆ ತೊಳೆಯಲು ಕೂತರೆ ಅನ್ನದ ಅಗುಳಿಗೆ ಬಂದು ಮೊಣಕಾಲಿಗೆ ಒರಗಿ ನಿಲ್ಲುತ್ತಿತ್ತು. ಮರಿ ಮಾಡಿಸಿದ್ದು ಯಾತಕ್ಕೆಂದು ಯಾರೂ ಮಾತಾಡುತ್ತಿರಲಿಲ್ಲ. ನಾನಂತೂ ಮಾತಾಡಲಿಲ್ಲ.

ಗೌರಿ ಹಬ್ಬಕ್ಕೆ ಮುಂಚೆಯೇ ಬೂಬಮ್ಮನ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಹೋಗಿ ನೋಡಿಕೊಂಡು ಬಂದೆ. ಆ ಹುಡುಗಿ ನಕ್ಕಳು, ಆದರೆ ಕಣ್ಣು ಊದಿತ್ತು. ಮಾರನೆಯ ದಿನ ಸಾಹೇಬರು ಸೈಕಲ್ಲಿನ ಹ್ಯಾಂಡಲಿಗೆ ಕರಿ ಕವರ್ ತಗುಲಿಸಿಕೊಂಡು ಬಂದದ್ದು ಕಂಡಿತು. ಅದರ ಮಾರನೆಯ ದಿನವೂ ಕಂಡಿತು. ಗೋಡೆಯ ಹತ್ತಿರ ಬೂಬಮ್ಮ ಸಿಕ್ಕಿದಾಗ ಕೇಳಿದೆ.

"ಅಂಗ್ಡಿ ಕೋಳಿ ಯಾಕ್ ತರ್ತಾವ್ರೆ ಸಾಹೇಬ್ರು?"

ಅವರು ಒಗೆದ ಬಟ್ಟೆ ಕೊಡವುತ್ತಾ ನನ್ನ ಮುಖ ನೋಡದೆ ಹೇಳಿದರು. "ಇರ್ಲಿ ಬುಡಿ ಅಕ್ಕ. ಅವು ನಿಮ್ಮನೇವಾಗೋದ್ವು. ಅಮ್ಮಾರು ನೆಂಟ್ರು ಅಂತ ಕರೆದು ಸಾಕವ್ರೆ. ಅಂಥವನ್ನ ತಂದು ಕೊಯ್ಯಕ್ಕೆ ಕೈ ಬರಲ್ಲ. ನಿಮ್ ಮನೆಗೆ ಮರ್ಯಾದೆ ಅಲ್ಲ ಅದು."

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಸುಳ್ಳೇಕೆ ಹೇಳಲಿ, ಬೂದಿ ಯಾಟೆ ಉಳಿಯಿತಲ್ಲ ಎಂದು ಸಂತೋಷವೇ ಆಯಿತು. "ಮಗೀಗೆ ಹಾಲು?" ಎಂದು ಕೇಳಿದೆ. ಬೂಬಮ್ಮ ಬಟ್ಟೆಯನ್ನು ಇನ್ನೊಂದು ಸಲ ಕೊಡವಿದರು. "ಇನ್ನೂ ಇಲ್ಲ ಅಕ್ಕ. ಡಬ್ಬಿ ತಂದಿದ್ದೀವಿ" ಎಂದರು. ಆಮೇಲೆ ಆ ಸಂತೋಷ ನನ್ನ ಹತ್ತಿರ ನಿಲ್ಲಲಿಲ್ಲ.

ಅದಾದ ಮಾರನೆಯ ಬೆಳಿಗ್ಗೆ. ಅತ್ತೆ ಸ್ನಾನ ಮುಗಿಸಿ, ಕೂದಲಿಗೆ ಪಂಚೆ ಸುತ್ತಿಕೊಂಡು ಪೂಜೆಗೆ ಹೂ ಬಿಡಿಸುತ್ತಿದ್ದರು. ಗೋಡೆಯಾಚೆಯಿಂದ ಮಗುವಿನ ಅಳು ಕೇಳುತ್ತಿತ್ತು. ಅತ್ತೆ ಕೈ ನಿಲ್ಲಿಸಿದರು.

"ಅದು ಹಸ್ದು ಅಳ್ತಾ ಇರೋದು. ಬಾಣಂತಿಗೆ ಏನಿಕ್ತಾವ್ರೆ?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಂಗಡಿಯ ಕೋಳಿ ತರುವುದು, ಬೂಬಮ್ಮ ಹೇಳಿದ ಮಾತು, ಡಬ್ಬಿ ತಂದದ್ದು, ಎಲ್ಲ. ಅತ್ತೆ ಹೂಬುಟ್ಟಿಯನ್ನು ಜಗಲಿಯ ಮೇಲಿಟ್ಟು, ಸೆರಗು ಸರಿ ಮಾಡಿಕೊಂಡು, ಸೀದಾ ಗೋಡೆಯ ಹತ್ತಿರ ನಡೆದರು. ಪೂಜೆಗೆ ಮುಂಚೆ ಅವರು ಹೊರಗಿನವರ ಹತ್ತಿರ ಮಾತಾಡಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ.

"ಬೂಬಮ್ಮ! ಬಾರವ್ವ ಇಲ್ಲಿ."

ಬೂಬಮ್ಮ ಗಾಬರಿಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದರು.

"ಕೋಳಿ ತಗೊಂಡೋಗು" ಎಂದರು ಅತ್ತೆ.

"ಅಮ್ಮಾರೆ, ಅವು..."

"ಅವು ಕೋಳಿ ಕಣವ್ವ. ನೆಂಟ್ರೂ ಅಲ್ಲ ಬಂಧುಗಳೂ ಅಲ್ಲ. ನಾನೊಂದು ಮಾತ್ಗೆ ಅಂದೆ, ನೀನು ಅದ್ನ ಹಿಡ್ಕೊಂಡು ಬಾಣಂತಿ ಬಾಯಿ ಕಟ್ತೀಯಾ? ಯಾವಾಸೆಗೆ ಸಾಕ್ದೋ ಅದಕ್ಕೇ ಆಗ್ಲಿ. ನಾವು ತಿನ್ನಲ್ಲ ಅನ್ನೋದು ನಮ್ ಮಾತು. ಆ ಮಗೀನ ಹೊಟ್ಟೆಗೆ ಅದೆಲ್ಲ ಏನ್ ಗೊತ್ತು?"

ಬೂಬಮ್ಮ ಅಳುತ್ತಿದ್ದರು. ಅತ್ತೆ ಗೋಡೆಯ ಮೇಲಿದ್ದ ಅವರ ಕೈಯನ್ನು ಒಂದು ಸಲ ಒತ್ತಿ ವಾಪಸು ಬಂದರು. ಬಚ್ಚಲಿಗೆ ಹೋಗಿ ಇನ್ನೊಂದು ಸಲ ತಲೆಗೆ ನೀರು ಹಾಕಿಕೊಂಡು, ಪೂಜೆಯ ಕೋಣೆ ಸೇರಿ ಬಾಗಿಲು ಮುಂದಕ್ಕೆ ಎಳೆದುಕೊಂಡರು. ಆ ವಯಸ್ಸಿಗೆ ಎರಡನೆಯ ಸ್ನಾನ ಬೇಡ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಹಿಡಿದುಕೊಡಬೇಕಾದವರು ನಮ್ಮವರು. ಬೂಬಮ್ಮನ ಕೈಗೆ ಅವು ಬರುವುದನ್ನು ಎಂದೋ ಬಿಟ್ಟಿದ್ದವು. ನಮ್ಮವರು ಬಾಗಿಲು ತೆಗೆದು ಎಂದಿನ ಹಾಗೆ ಬಾ ಬಾ ಬಾ ಎಂದರು. ಎಲ್ಲಕ್ಕಿಂತ ಮೊದಲು ಹೊರಗೆ ಬಂದದ್ದು ಬೂದಿ ಯಾಟೆ. ಅವರು ನನ್ನ ಕಡೆ ನೋಡಿದರು. ಬೇರೆಯದನ್ನು ಹಿಡಿಯಿರಿ ಎಂದು ನಾನು ಹೇಳಬಹುದಿತ್ತು. ಹಾಗಂದರೆ ಇನ್ನೊಂದರ ಜೀವ ಜೀವವಲ್ಲವೇ ಎಂದು ಅನ್ನಿಸಿ ಸುಮ್ಮನಾದೆ. ಅವರು ಎತ್ತಿಕೊಂಡು, ರೆಕ್ಕೆ ಒತ್ತಿ ಹಿಡಿದು, ಗೋಡೆಯ ಮೇಲಿಂದ ಕೊಟ್ಟರು. ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿ ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದೆ. ಅಳು ಬಂತು, ಅತ್ತುಬಿಟ್ಟೆ. ಅಷ್ಟು ಅಳು ನನ್ನ ಮಗಳ ಮದುವೆಯಲ್ಲೂ ಬಂದಿರಲಿಲ್ಲ.

ಮಧ್ಯಾಹ್ನ ಆ ಕಡೆಯಿಂದ ಮೆಣಸು ಹುರಿದ ಘಾಟು ಬಂತು. ಅತ್ತೆ ಕಿಟಕಿ ಹಾಕಿ ಎನ್ನಲಿಲ್ಲ. ಮಜ್ಜಿಗೆ ಅನ್ನ ಕಲಸಿಕೊಂಡು ಎಂದಿನಷ್ಟೇ ಊಟ ಮಾಡಿ, ಜಗಲಿಗೆ ಹೋಗಿ ಒರಗಿಕೊಂಡರು.

ಆಮೇಲೆ ಎರಡು ದಿನ ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಮೂರನೆಯ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಳು ಕೇಳುಸ್ತಿಲ್ವಲ್ಲ. ಹಾಲು ಇಳೀತಂತಾ?"

"ನಿನ್ನೆ ಸಾಯಂಕಾಲದಿಂದ ಇಳೀತಂತೆ ಅತ್ತೆ. ಕುಡೀತಾ ಕುಡೀತಾನೇ ಮಲಿಕ್ಕತದಂತೆ."

ಅತ್ತೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಹಿತ್ತಲ ಕಡೆ ನೋಡಿದರು.

"ಅಂಗಾದ್ರೆ ಇನ್ನೊಂದು ಕೊಡಕ್ಕೇಳು ನಿನ್ ಗಂಡಂಗೆ" ಎಂದರು. ಆಮೇಲೆ, ಕಾಫಿ ಆಯಿತೇ ಎಂದು ಕೇಳಿದರು.